ಎಡಗೈ ತಿರುಚು

"ಏಯ್ ಓಜೆಲ್ಲಾ, ಕೈ ತೆಗಿ! ಗೆಣಸು ತೊಳೆಯೋಳಿಗೆ ಮಿಷನ್ ಸವಾಸ ಯಾಕೆ? ನಿಮ್ಮಪ್ಪ ಇಟ್ಟಿದ್ನಾ ಇದನ್ನ?"

ಮ್ಯಾನೇಜರ್ ಕರ್ಬಿ ಹೀಗೆ ಬೈದ ದಿನ ಓಜೆಲ್ಲಾ ಕೈ ತೆಗೆಯಲಿಲ್ಲ. ಉತ್ತರ ಕೆರೊಲಿನಾದ ಆ ಕಾರ್ಖಾನೆಗೆ ಮೈಕ್ರೋವೇವ್ ಯಂತ್ರ ಆಗಿನ್ನೂ ಹೊಸದು. ಅರೆದ ಗೆಣಸು ಕೊಳವೆಯಲ್ಲಿ ಹರಿದು ಬೇಯಿಸುವ ಎರಡು ಪೆಟ್ಟಿಗೆ ದಾಟುವಷ್ಟರಲ್ಲಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಯಂತ್ರ ಕಂಡುಹಿಡಿದ ಡಾಕ್ಟರ್ ಪ್ರೆಂಟಿಸ್ ನಾಲ್ಕು ಪೇಟೆಂಟುಗಳ ಒಡೆಯರು. ಆರು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದರು, ಪಾಪ. ಓಜೆಲ್ಲಾ ಒಂದು ಉಕ್ಕಿನ ಪಟ್ಟಿಯನ್ನು ಎಡಗೈಯಲ್ಲಿ ತಿರುಚಿ, ಎರಡು ಪೆಟ್ಟಿಗೆಗಳ ನಡುವಿನ ಕೊಳವೆಯೊಳಗೆ ಸಿಕ್ಕಿಸಿದಳು.

"ಬೇಯ್ಸೋವಾಗ ಸೌಟು ತಿರುಗ್ಸಲ್ವಾ ಡಾಕ್ಟ್ರೇ? ಇಲ್ಲಿ ಸೌಟು ನಿಂತೈತೆ, ಗೆಣಸೇ ತಿರುಗ್ತದೆ."

ಗೆಣಸು ಒಂದೇ ಹದಕ್ಕೆ ಬೆಂದು ಬಂತು. ಡಾಕ್ಟರು ನಕ್ಕು ಅವಳ ಬೆನ್ನು ತಟ್ಟಿದರು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಅದು ಅವರ ಐದನೆಯ ಪೇಟೆಂಟ್ ಆಯಿತು.

ಪಟ್ಟಿ ಸವೆದಾಗಲೆಲ್ಲ ಹೊಸದನ್ನು ತಿರುಚುವ ಕೆಲಸ ಮಾತ್ರ ಓಜೆಲ್ಲಾಳದೇ. ಆ ಪೇಟೆಂಟಿನ ನೆನಪಿಗೆ ಗೋಡೆಗೆ ಹಿತ್ತಾಳೆ ಫಲಕ ಬರುತ್ತದೆಂದು ಗೊತ್ತಾದಾಗ, ಅದರಲ್ಲಿ ತನ್ನ ಹೆಸರೂ ಇರಲೆಂದು ಅವಳು ಬಾಯಿಬಿಟ್ಟು ಕೇಳಿದಳು. ಬೇರೇನೂ ಬೇಡ, ಹೆಸರು ಸಾಕು.

"ನಿನ್ ಹೆಸ್ರು ಹಾಜರಿ ಪುಸ್ತಕದಲ್ಲಿ ಐತಲ್ಲಾ," ಎಂದ ಕರ್ಬಿ.

ಜೊತೆಗೆ ಗೆಣಸು ತೊಳೆಯುವ ನೆಟ್ಟಿ ಸುಮ್ಮನಿರುವವಳಲ್ಲ. "ಸೌಟಿಗೂ ಪೇಟೆಂಟ್ ಆಯ್ತಲ್ಲಕ್ಕಾ. ಇನ್ಮೇಲೆ ಮನೇಲಿ ಸಾರು ತಿರುಗ್ಸಬೇಕಾದ್ರೂ ಡಾಕ್ಟ್ರನ್ನ ಕೇಳ್ಬೇಕು ನೀನು."

ಓಜೆಲ್ಲಾ ನಕ್ಕಳು, ಕೈಲಿದ್ದ ಗೆಣಸನ್ನು ಮಾತ್ರ ತೊಟ್ಟಿಗೆ ಬೀಸಿ ಎಸೆದಳು.

ಫಲಕದ ದಿನ ಪತ್ರಿಕೆಯವರು ಬಂದರು. ಡಾಕ್ಟರೇ ಒಂದು ಪಟ್ಟಿ ತಿರುಚಿ ಹಾಕಲಿ, ಫೋಟೋ ತೆಗೆಯುತ್ತೇವೆ ಎಂದರು. ಡಾಕ್ಟರು ಅಂಗಿಯ ತೋಳು ಮಡಚಿ ಬಲಗೈಯಲ್ಲಿ ತಿರುಚಿದರು. ಓಜೆಲ್ಲಾಳ ತಿರುಚಿಗೆ ಹೊಂದಿಸಿದ್ದ ಕೊಳವೆಯ ಕೊಕ್ಕೆಗೆ ಅದು ಕೂರಲಿಲ್ಲ. ಇನ್ನೊಂದು ತಿರುಚಿದರು. ಅದೂ ಕೂರಲಿಲ್ಲ.

"ಡಾಕ್ಟ್ರೇ, ಗೋಡೆ ಮೇಲೆ ನಿಮ್ದೇ ಚಿತ್ರ ಐತೆ, ವಸಿ ನೋಡ್ಕೊಳಿ," ಎಂದಳು ಓಜೆಲ್ಲಾ. "ಅದ್ರಲ್ಲಿ ಪಟ್ಟಿ ಎಡಕ್ಕೆ ತಿರುಗೈತೆ. ಅವತ್ತು ಎಡಚರಾಗಿದ್ರಾ ನೀವು?"

ಎಲ್ಲರೂ ಫಲಕದತ್ತ ತಿರುಗಿದರು. ಹಿತ್ತಾಳೆಯಲ್ಲಿ ಕೊರೆದ ಪಟ್ಟಿ ಎಡಕ್ಕೇ ಸುತ್ತಿಕೊಂಡಿತ್ತು. ತೊಳೆಯುವ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು.

ಕರ್ಬಿ ಹಲ್ಲು ಕಡಿದ. "ಬಾಯಿ ಮುಚ್ಕೊಂಡು ಒಂದು ಮಾಡ್ಕೊಡು. ಗೆಣಸು ಪಂಪಲ್ಲೇ ನಿಂತೈತೆ."

"ಅಯ್ಯೋ ಸಾಹೇಬ್ರೇ, ಗೆಣಸು ತೊಳೆಯೋಳಿಗೆ ಮಿಷನ್ ಸವಾಸ ಯಾಕೆ?"

ಅಂದವಳೇ ಒಂದು ಪಟ್ಟಿ ಎತ್ತಿಕೊಂಡು ಎಡಗೈಯಲ್ಲಿ ಒಂದೇ ಸಲಕ್ಕೆ ತಿರುಚಿದಳು. ಕರ್ಬಿ ಕೈ ಚಾಚಿದ. ಅವಳು ಕೊಡಲಿಲ್ಲ. ನೇರ ಫಲಕದ ಮುಂದೆ ಹೋಗಿ, ಡಾಕ್ಟರ ಹೆಸರಿನ ಕೆಳಗೆ ಪಟ್ಟಿಯ ಮೊನೆ ಊರಿ ಇಂಗ್ಲಿಷಿನಲ್ಲಿ ತನ್ನ ಹೆಸರು ಗೀಚತೊಡಗಿದಳು. ಹಿತ್ತಾಳೆ ಕಿರ್‍ರೆಂದಿತು. ಕ್ಯಾಮೆರಾ ಅತ್ತ ತಿರುಗಿತು.

"ಓಜೆಲ್ಲಾ! ಪಟ್ಟಿ!"

"ಕೊಡ್ತೀನಿ ತಡೀರಿ. ಒಂದಕ್ಷರ ಆಯ್ತು. ಇನ್ನೂ ಐದು ಅವೆ."