ಹೆಜ್ಜೆ ಅಳಿಸುವ ಕೆಲಸ

"ಇದು ಯಾವನ ಕಾಲೋ? ನಿಮ್ಮಪ್ಪಂದಾ?"

ಸೂಪರ್‌ವೈಸರ್ ಮರಳಿನ ಮೇಲೆ ಬಗ್ಗಿ ಒಂದು ಹೆಜ್ಜೆ ಗುರುತನ್ನು ತೋರಿಸುತ್ತಿದ್ದ. ಅಗಲವಾದ ಗುರುತು, ಐದು ಬೆರಳೂ ಅಣ್ಣತಮ್ಮಂದಿರು ಪಾಲಾದ ಹಾಗೆ ಒಂದೊಂದು ದಿಕ್ಕಿಗೆ ಹರಡಿಕೊಂಡಿದ್ದವು. ಕುಂಟೆ ಹಿಡಿದು ನಿಂತಿದ್ದವನು ಅದನ್ನು ನೋಡಿದ, ಆಮೇಲೆ ತನ್ನ ಬಲಗಾಲನ್ನು ನೋಡಿಕೊಂಡ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ನಂದೇ ಸಾರ್."

"ಕಾಲಾ ಇದು? ಎಮ್ಮೆ ಗೊರಸು ವಾಸಿ. ಹಡಗು ಬಂದು ನಿಂತಿದೆ. ಇಳಿದು ಬಂದ ಗೆಸ್ಟುಗಳ ಕಣ್ಣಿಗೆ ಮೊದ್ಲು ನಿನ್ನ ಈ ದರಿದ್ರ ಪಾದ ಬೀಳ್ಬೇಕೇನೋ ಬೋಳಿಮಗನೆ? ಅಳ್ಸೋ."

ಅಳಿಸಿದ. ಬೈಗುಳದ ವಿಷಯದಲ್ಲಿ ಅವನಿಗೆ ಸಿಟ್ಟು ಬರುವ ಕಾಲ ಎಂದೋ ಕಳೆದಿತ್ತು. ಎಮ್ಮೆಯ ಮಾತಂತೂ ನ್ಯಾಯವಾಗಿದೆ ಎಂದೇ ತೋರಿತು. ಇಂಥ ಕಾಲಿಟ್ಟುಕೊಂಡು ಹೆಜ್ಜೆ ಅಳಿಸುವ ಕೆಲಸಕ್ಕೆ ಸೇರಿದ್ದು ಬೊಕ್ಕತಲೆಯವನು ಬಾಚಣಿಗೆ ಮಾರಲು ಹೋದಂತೆ ಎಂದು ಅವನೇ ಹತ್ತು ಜನರ ಮುಂದೆ ಹೇಳಿ ನಗಿಸುತ್ತಿದ್ದ.

ರೆಸಾರ್ಟಿನಲ್ಲಿ ಅವನಿಗಿದ್ದದ್ದು ಅದೊಂದೇ ಕೆಲಸ. ಹಡಗಿನಿಂದ ಇಳಿದು ಒಂದು ಹಗಲು ಕಡಲ ದಂಡೆಯಲ್ಲಿ ಹಾಯಾಗಿ ಬಿದ್ದುಕೊಂಡು ಹೋಗಲು ಬರುವವರಿಗೆ, ಈ ಮರಳನ್ನು ತಮಗಿಂತ ಮೊದಲು ಮನುಷ್ಯರು ತುಳಿದೇ ಇಲ್ಲ ಅನ್ನಿಸಬೇಕು. ಅದಕ್ಕಾಗಿ ಇವನು ಅಗಲ ಹಲ್ಲಿನ ಕುಂಟೆ ಹಿಡಿದು, ನೀರಿನಂಚಿನಿಂದ ಹಿತ್ತಿಲ ಬೇಲಿಯವರೆಗೆ ಹಿಂದುಹಿಂದಾಗಿ ನಡೆಯುತ್ತ, ತನ್ನ ಹೆಜ್ಜೆಯನ್ನು ತಾನೇ ಗೀರಿ ಅಳಿಸುತ್ತ ಬರಬೇಕು. ಅವನ ಅಪ್ಪ, ಅಜ್ಜ ಇದೇ ಮರಳಿನ ಮೇಲೆ ದೋಣಿ ಎಳೆದವರು. ಆಗ ಅವರ ಹೆಜ್ಜೆಗಳನ್ನು ಕಡಲು ಸಂಬಳವಿಲ್ಲದೆ ಅಳಿಸುತ್ತಿತ್ತು. ಈಗ ದೋಣಿಯೂ ಇಲ್ಲ, ದಂಡೆಯೂ ತಮ್ಮದಲ್ಲ. ಕಡಲಿನ ಕೆಲಸ ಮಾತ್ರ ಇವನ ಪಾಲಿಗೆ ಬಂದಿತ್ತು.

ಹಿಂದುಹಿಂದಾಗಿ ನಡೆದೂ ನಡೆದೂ ಅವನಿಗೆ ಹಿಮ್ಮಡಿ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲೂ ಅದೇ ಚಾಳಿ. ಒಮ್ಮೆ ಮಾವನ ಮನೆಯಿಂದ ಹೊರಡುವಾಗ ಬೆನ್ನು ತೋರದೆ ಹಿಂದಕ್ಕೇ ನಡೆದು ಬಂದದ್ದನ್ನು ಕಂಡು, ಅಳಿಯನಿಗೆ ತಮ್ಮ ಮೇಲೆ ಎಷ್ಟು ಮರ್ಯಾದೆ ಎಂದು ಅತ್ತೆ ಕಣ್ಣೊರೆಸಿಕೊಂಡಿದ್ದಳು. ಹೊಸ್ತಿಲೆಡವಿ ಅಂಗಾತ ಬಿದ್ದಮೇಲೆ ಎಲ್ಲರಿಗೂ ವಿಷಯ ತಿಳಿಯಿತು.

ಅವನ ಹೆಂಡತಿ ಬೇಲಿಯ ಆಚೆ, ಬಟ್ಟೆ ಒಗೆಯುವ ಶೆಡ್ಡಿನಲ್ಲಿದ್ದಳು. ಗೆಸ್ಟುಗಳು ಒಮ್ಮೆ ಮೈಯೊರೆಸಿ ಬಿಸಾಡಿದ ಟವೆಲುಗಳನ್ನು ಒಗೆದು, ಬಿಸಿ ಉರುಳೆಗಳ ಇಸ್ತ್ರಿ ಯಂತ್ರಕ್ಕೆ ಕೊಟ್ಟು, ಮಡಚಿ ಪೇರಿಸುವುದು ಅವಳ ಕೆಲಸ. ಹಡಗು ಬಂದ ದಿನ ಬೇಲಿ ಹಿಂದಿನವರು ಯಾರೂ ಮುಂದಕ್ಕೆ ಕಾಲಿಡುವಂತಿಲ್ಲ. ಕುಂಟೆಯವನಿಗೆ ಮಾತ್ರ ಅಪ್ಪಣೆ. ಅವನು ಬಂದ ಗುರುತೇ ಉಳಿಯುವುದಿಲ್ಲವಲ್ಲ.

ದೋಣಿಗಳು ಗೆಸ್ಟುಗಳನ್ನು ತಂದಿಳಿಸಿದವು. ಅವರು ಕೊಡೆಗಳ ಕೆಳಗಿನ ಒರಗು ಕುರ್ಚಿಗಳನ್ನು ಬಿಸಿಲಿಗೆ ಎಳೆಸಿಕೊಂಡು ಮಲಗಿದರು. ಬಿಸಿಲನ್ನು ಕಂಡರೆ ನೆರಳಿಗೆ ಓಡುವ ಜಾತಿಯ ಹಿಮ್ಮಡಿಗೆ ಇದು ಎಷ್ಟು ನೋಡಿದರೂ ಅರ್ಥವಾಗಿರಲಿಲ್ಲ. ಇಷ್ಟು ದೂರ ಬರುವುದು, ಹೊಟ್ಟೆ ಬೆಂದಮೇಲೆ ಬೆನ್ನು ತಿರುಗಿಸುವುದು, ಎರಡೂ ಕೆಂಪಾದಮೇಲೆ ಅಯ್ಯೋ ಉರಿ ಎನ್ನುತ್ತ ದಂಡೆಯ ಆ ತುದಿಯಲ್ಲಿದ್ದ ಬಿಳಿ ಡೇರೆಗೆ ಹೋಗುವುದು. ಅಲ್ಲಿ ನರ್ಸಮ್ಮ ಕೂತಿರುತ್ತಿದ್ದಳು. ಸುಟ್ಟ ಮೈಗೆ ತಣ್ಣನೆಯ ಮುಲಾಮು ಹಚ್ಚುವುದಕ್ಕೆಂದೇ ಅವಳನ್ನು ಇಟ್ಟಿದ್ದರು.

ಅವನು ಹೊಟ್ಟೆಕಿಚ್ಚುಪಟ್ಟದ್ದು ಅವರ ಬೆರಳಿಗೆ. ಏನಾದರೂ ಬೇಕಾದರೆ ಗೆಸ್ಟುಗಳು ಕೂಗುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಮಲಗಿದಲ್ಲೇ ಒಂದು ಬೆರಳು ಮೇಲೆತ್ತುತ್ತಾರೆ. ತಣ್ಣನೆಯ ಲೋಟ ಬರುತ್ತದೆ, ಟವೆಲ್ ಬರುತ್ತದೆ, ನಡೆಯಲು ಬೇಸರವಾದರೆ ಪಟ್ಟಣದವರೆಗೂ ಬಿಡುವ ಪುಟ್ಟ ಗಾಡಿ ಬರುತ್ತದೆ. ಒಂದು ರಾತ್ರಿ ಅವನೂ ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ನೀರು ಬೇಕೆಂದು ಹಾಗೇ ಬೆರಳೆತ್ತಿದ್ದ. ಹೆಂಡತಿ ಹತ್ತಿರ ಬಂದು, ಬೆರಳನ್ನು ದೀಪಕ್ಕೆ ಹಿಡಿದು, "ಏನಾಯ್ತು? ಮುಳ್ಳು ಚುಚ್ತಾ?" ಅಂದಿದ್ದಳು.

ಮಧ್ಯಾಹ್ನ ಅವನು ಗೀರುತ್ತ ಬೇಲಿಯ ಹತ್ತಿರ ಬಂದಾಗ ಬೇಲಿಯ ಸಂದಿಯಿಂದ ಯಾರೋ ಕರೆದರು. ಶೆಡ್ಡಿನ ಮುದುಕಿ. ಅವಳ ಬಲಗೈಯ ಬೆರಳುಗಳು ಅಂಗೈಯೊಳಗೆ ಮುದುರಿಕೊಂಡು ಎಷ್ಟೋ ವರ್ಷವಾಗಿತ್ತು. ಸುಟ್ಟದ್ದು ಅದೇ ಇಸ್ತ್ರಿ ಯಂತ್ರ, ಅಂದೂ ಹಡಗು ಬಂದಿತ್ತು, ಮದ್ದಿಗೆ ಸಂಜೆವರೆಗೆ ಕಾಯಿಸಿದ್ದರು. ಈಗ ಮಣಿಕಟ್ಟಿಗೆ ಗಂಟು ನೇತುಹಾಕಿಕೊಂಡು ಬಟ್ಟೆ ಹೊರುತ್ತಾಳೆ.

"ನಿನ್ನ ಹೆಂಡ್ತಿ ಕೈ ಯಂತ್ರಕ್ಕೆ ಸಿಕ್ತು," ಅಂದಳು ಮುದುಕಿ.

ಅವನು ಶೆಡ್ಡಿಗೆ ಓಡಿದ. ಹೆಂಡತಿ ಒದ್ದೆ ಟವೆಲುಗಳ ರಾಶಿಯ ಮೇಲೆ ಕೂತು ಬಲಗೈಯನ್ನು ಬಕೆಟಿನ ನೀರಿನಲ್ಲಿ ಇಳಿಬಿಟ್ಟಿದ್ದಳು. ಅಳುತ್ತಿರಲಿಲ್ಲ, ತುಟಿ ಕಚ್ಚಿಕೊಂಡಿದ್ದಳು. ನೀರೊಳಗೆ ಕೈ ಬಿಳಿಚಿ, ಬೆರಳುಗಳ ಮೇಲಿನ ಚರ್ಮ ಸಡಿಲವಾಗಿ ಜಾರಿತ್ತು. ಹಿಮ್ಮಡಿ ಅದನ್ನು ನೋಡಿದ. ಆಮೇಲೆ ನೋಡಬಾರದೆಂದರೂ ಕಣ್ಣು ಮುದುಕಿಯ ಕೈಯ ಕಡೆಗೇ ಹೋಯಿತು.

ಡೇರೆಯ ನರ್ಸಮ್ಮನಿಗೆ ತೋರಿಸಬೇಕು, ಈಗಲೇ. ಅದಕ್ಕೆ ಮರಳು ದಾಟಬೇಕು. ಅವನು ಸೂಪರ್‌ವೈಸರನ ಬಳಿ ಹೋಗಿ ಕೈಕಟ್ಟಿ ನಿಂತು ವಿಷಯ ಹೇಳಿದ.

ಸೂಪರ್‌ವೈಸರ್ ಗೆಸ್ಟುಗಳ ಊಟದ ಮೇಜುಗಳನ್ನು ನೋಡುತ್ತಿದ್ದವನು ತಲೆಯೆತ್ತಲಿಲ್ಲ. "ಹಡಗು ಹೋಗ್ಲಿ, ಸಂಜೆ ತೋರ್ಸು."

"ಅಲ್ಲೀವರ್ಗೆ ತಡೆಯಲ್ಲ ಸಾರ್. ಚರ್ಮ ಬಿಟ್ಟಿದೆ."

"ಬಿಟ್ರೆ? ಊಟಕ್ಕೆ ಕೂತವರ ಮುಂದೆ ಬೆಂದ ಕೈ ಮೆರವಣಿಗೆ ಮಾಡ್ತೀಯೇನೋ? ನರ್ಸಮ್ಮ ಇರೋದು ನಿನ್ನ ಹೆಂಡ್ತಿಗಲ್ಲ. ಹಲ್ಲುಜ್ಜೋ ಪೇಸ್ಟ್ ಬಳ್ಕೊಂಡು ಬಿದ್ಕೊಳ್ಳಕ್ಕೆ ಹೇಳು. ಯಂತ್ರ ನಿಂತಿದ್ರೆ ಅದ್ರ ಲೆಕ್ಕ ಬೇರೆ."

"ಸರಿ ಸಾರ್. ಉಪಕಾರ ಆಯ್ತು ಸಾರ್," ಅಂದ ಹಿಮ್ಮಡಿ.

ಒಂದಷ್ಟು ದೂರ ಬಂದಮೇಲೆ ತಾನು ಏನು ಹೇಳಿದೆ ಎಂಬುದು ಅವನ ತಲೆಗೆ ಹೋಯಿತು. ಯಾವ ಉಪಕಾರ? ಕೈ ಸುಟ್ಟದ್ದಕ್ಕೋ, ಪೇಸ್ಟಿನ ಉಪದೇಶಕ್ಕೋ? ಅಷ್ಟರಲ್ಲಿ ದೂರದಿಂದ ಸೂಪರ್‌ವೈಸರನ ಸೀಟಿ ಕೇಳಿತು. ಯಾರೋ ಗೆಸ್ಟು ನೀರಿಗೆ ಹೋಗಿ ಬಂದ ಗುರುತು ಅಳಿಸಬೇಕಿತ್ತು. ಅವನು ಅಳಿಸಿದ. ಹೆಂಡತಿ ಅಲ್ಲಿ ಬಕೆಟಿಗೆ ಕೈ ಇಟ್ಟು ಕೂತಿರುವಾಗ ಈ ಗಂಡಸು ಇಲ್ಲಿ ಮರಳಿಗೆ ತಲೆ ಬಾಚುತ್ತಿದ್ದ. ಥೂ ಎಂದು ತನಗೆ ತಾನೇ ಉಗಿದುಕೊಳ್ಳಬೇಕೆನ್ನಿಸಿತು. ಆದರೆ ಮರಳಿನ ಮೇಲೆ ಉಗಿದರೆ ಅದನ್ನೂ ಗೋರಬೇಕಾದವನು ತಾನೇ ಎಂದು ನುಂಗಿಕೊಂಡ.

ಗೀರುತ್ತ ಗೀರುತ್ತ ಡೇರೆಯ ಪಕ್ಕಕ್ಕೆ ಬಂದ. ಒಳಗೆ ಕೆಂಪಾದ ಒಬ್ಬ ದಪ್ಪ ಹೆಂಗಸು ಬೆನ್ನು ಕೊಟ್ಟು ಕೂತಿದ್ದಳು. ನರ್ಸಮ್ಮ ಮುಲಾಮನ್ನು ಗೋಡೆಗೆ ಸುಣ್ಣ ಬಳಿದಂತೆ ಧಾರಾಳವಾಗಿ ಬಳಿಯುತ್ತಿದ್ದಳು. ಮನಸ್ಸಿಟ್ಟು ಬಿಸಿಲಲ್ಲಿ ಬಿದ್ದುಕೊಂಡು ಸುಟ್ಟುಕೊಂಡ ಬೆನ್ನು ಅದು. ಹಿಮ್ಮಡಿ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ನೆಟ್ಟಗೆ ಶೆಡ್ಡಿಗೆ ಹೋಗಿ ಹೆಂಡತಿಯ ಎಡರಟ್ಟೆ ಹಿಡಿದು ಎಬ್ಬಿಸಿದ.

"ನಡಿ."

"ಎಲ್ಲಿಗೆ?"

"ಮುಂದಕ್ಕೆ."

ಬೇಲಿಯ ಸಂದಿಯಿಂದ ಇಬ್ಬರೂ ಮರಳಿಗಿಳಿದರು. ಅವಳು ಬೆಂದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಪಾದ ಸುಡುವ ಮರಳಿನಲ್ಲಿ ಹಲ್ಲು ಕಚ್ಚಿ ನಡೆದಳು. ಅರ್ಧ ದಾರಿ ಬಂದಮೇಲೆ ಪಕ್ಕದಲ್ಲಿ ಗಂಡ ಇಲ್ಲದ್ದು ಗೊತ್ತಾಗಿ ತಿರುಗಿದಳು. ಹಿಮ್ಮಡಿ ಅವಳ ಕಡೆ ಬೆನ್ನು ಮಾಡಿ, ಹಿಂದುಹಿಂದಾಗಿ ನಡೆಯುತ್ತ, ಇಬ್ಬರ ಹೆಜ್ಜೆಯನ್ನೂ ಅಚ್ಚುಕಟ್ಟಾಗಿ ಗೀರಿ ಅಳಿಸುತ್ತ ಬರುತ್ತಿದ್ದ. ಬೇಲಿಯಿಂದ ಅಲ್ಲಿಯವರೆಗೆ ಮರಳು ಹೊಸದಾಗಿ ನೇಯ್ದ ಚಾಪೆಯಂತೆ ಶುಭ್ರವಾಗಿತ್ತು.

"ಏನ್ ಮಾಡ್ತಿದೀಯ ನೀನು?"

ಅವನು ಕೈಯಲ್ಲಿದ್ದ ಕುಂಟೆಯನ್ನು ಈಗಷ್ಟೇ ಕಂಡವನಂತೆ ನೋಡಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವನದು ಹುಟ್ಟಿನದೂ ಅಲ್ಲ, ಸಂಬಳಕ್ಕೆ ಕಲಿತ ಗುಣ. ಹೊಡೆದಾಟಕ್ಕೆ ಹೊರಟ ಗಂಡು ತಾನು ಬಂದ ಗುರುತನ್ನು ತಾನೇ ಒರೆಸಿಕೊಂಡು ಬಂದಿದ್ದ. "ಅಭ್ಯಾಸ ಕಣೆ," ಅಂದ.

"ನನ್ನ ಕೈ ಬೆಂದಿದ್ದೂ ಯಾರಿಗೂ ಗೊತ್ತಾಗ್ಬಾರ್ದಾ? ಎಸಿ ಅದನ್ನ."

ಎಸೆದ. ಕುಂಟೆಯಿಲ್ಲದೆ, ಮುಖ ಮುಂದಾಗಿ ಆ ಮರಳಿನ ಮೇಲೆ ನಡೆಯುವುದು ಅವನಿಗೆ ಹೊಸದು. ಎರಡು ಸಲ ಮುಗ್ಗರಿಸಿದ. ನಡೆಯುವುದನ್ನೂ ಹೆಂಡತಿಯನ್ನು ನೋಡಿ ಕಲಿಯಬೇಕಾಯಿತು. ದಾರಿಯಲ್ಲಿ ಮಲಗಿದ್ದ ಗೆಸ್ಟೊಬ್ಬ ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿದ. ಹಿಮ್ಮಡಿಯ ಕಾಲು ತಾನಾಗಿಯೇ ಟವೆಲುಗಳ ಗೂಡಿನ ಕಡೆ ತಿರುಗಿತು. ಹೆಂಡತಿ ಎಡಗೈಯಿಂದ ಅಂಗಿಯ ಚುಂಗು ಹಿಡಿದು ಎಳೆದಳು.

ಡೇರೆಯೊಳಗೆ ಅವಳು ಯಾರನ್ನೂ ಕೇಳದೆ ಸ್ಟೂಲಿನ ಮೇಲೆ ಕೂತು ಕೈಯನ್ನು ಮೇಜಿನ ಮೇಲಿಟ್ಟಳು. ಕೆಂಪು ಹೆಂಗಸು ನೋಡಿ ಬಾಯಿಗೆ ಟವೆಲ್ ಒತ್ತಿಕೊಂಡಳು. ನರ್ಸಮ್ಮ ಒಮ್ಮೆ ಹೊರಗೆ ನೋಡಿದಳು, ಒಮ್ಮೆ ಕೈ ನೋಡಿದಳು. ಮತ್ತೆ ಹೊರಗೆ ನೋಡಲಿಲ್ಲ. ಔಷಧದ ನೀರು ತೆಗೆದುಕೊಂಡು ಕೆಲಸ ಶುರುಮಾಡಿದಳು.

ಸೂಪರ್‌ವೈಸರ್ ಓಡೋಡಿ ಬಂದ. ಬಾಯಲ್ಲಿ ಸೀಟಿ ಇತ್ತು, ಗೆಸ್ಟಿನ ಕಿವಿಯ ಬಳಿ ಊದುವಂತಿರಲಿಲ್ಲ. ಹಾಯಾಗಿರಲು ಬಂದವರ ಮುಂದೆ ಕೂಗಾಡಬಾರದು, ಕೆಲಸದವರನ್ನು ಎಳೆದಾಡಬಾರದು, ಯಾವಾಗಲೂ ನಗುತ್ತಿರಬೇಕು ಎಂಬುದು ಅವನೇ ಎಲ್ಲರಿಗೂ ಹೇಳಿಕೊಟ್ಟ ಪಾಠ. ಆದ್ದರಿಂದ ಹಲ್ಲು ಕಿರಿದುಕೊಂಡೇ ಮೆಲ್ಲಗೆ ಬೈದ.

"ನಾಳೆಯಿಂದ ಇಬ್ರೂ ಇತ್ತ ತಲೆ ಹಾಕ್ಬೇಡಿ, ಸೂಳೆಮಕ್ಳಾ. ಎದ್ದು ಹೊರಗೆ ಬನ್ನಿ. ಆ ಹೆಜ್ಜೆ ಅಳಿಸ್ಕೊಂಡು ಹಿಂದಿನ ಗೇಟಿಂದ ಹಾಳಾಗಿ ಹೋಗಿ."

ಭಾಷೆ ತಿಳಿಯದ ಕೆಂಪು ಹೆಂಗಸು ಅವನ ನಗು ಕಂಡು ತಾನೂ ನಕ್ಕು ತಲೆಯಾಡಿಸಿದಳು. ಸೂಪರ್‌ವೈಸರ್ ಅವಳಿಗೆ ಇನ್ನಷ್ಟು ಹಲ್ಲು ತೋರಿಸಬೇಕಾಯಿತು. ಹಿಮ್ಮಡಿಗೆ ಅಂಥ ಹೊತ್ತಿನಲ್ಲೂ ನಗು ಬಂತು, ಕೆಮ್ಮಿ ಮುಚ್ಚಿಕೊಂಡ.

ನರ್ಸಮ್ಮ ಪಟ್ಟಿ ಕಟ್ಟಿ ಮುಗಿಸಿದಳು. ಬೆರಳುಗಳು ಉಳಿಯುತ್ತವೆಯೇ ಎಂದು ಅವನು ಕೇಳಿದ.

"ನಾನು ಹೇಳಕ್ಕಾಗಲ್ಲ. ನನ್ನ ಹತ್ರ ಇರೋದು ಬಿಸಿಲಿನ ಮುಲಾಮು. ಈಗ್ಲೇ ಪಟ್ಟಣದ ಆಸ್ಪತ್ರೆಗೆ ಹೋಗ್ಬೇಕು. ನಡ್ಕೊಂಡು ಹೋದ್ರೆ ಆಗಲ್ಲ, ಗಾಡೀಲಿ ಕರ್ಕೊಂಡು ಹೋಗು."

ಗಾಡಿ ದಂಡೆಯ ಮೇಲಿನ ಮರದ ನೆರಳಲ್ಲೇ ನಿಂತಿತ್ತು, ಗೆಸ್ಟುಗಳ ಬೆರಳಿಗಾಗಿ ಕಾಯುತ್ತ. ಸೂಪರ್‌ವೈಸರ್ ಅತ್ತ ಕಡೆ ಅಡ್ಡ ನಿಂತು ಇನ್ನೂ ನಗುತ್ತಲೇ ಇದ್ದ. ಹಿಮ್ಮಡಿ ಕೇಳಲಿಲ್ಲ. ಕೇಳಿದರೆ ತನ್ನ ಬಾಯಿ ಮತ್ತೆ ಉಪಕಾರ ಆಯ್ತು ಸಾರ್ ಅಂದುಬಿಡುತ್ತದೆ ಎಂಬ ಹೆದರಿಕೆ ಅವನಿಗಿತ್ತು. ಅವನು ಹೆಂಡತಿಯನ್ನು ಡೇರೆಯಿಂದಾಚೆ ನಡೆಸಿ, ಮೊದಲ ಸಾಲಿನಲ್ಲಿ ಖಾಲಿಯಿದ್ದ ಒರಗು ಕುರ್ಚಿಯ ಮೇಲೆ ಕೂರಿಸಿದ. ಕೊಡೆಯ ನೆರಳನ್ನು ಅವಳ ಕೈಗೆ ಬೀಳುವಂತೆ ಸರಿಮಾಡಿದ. ಆಮೇಲೆ ಪಕ್ಕದ ಕುರ್ಚಿಯ ತುದಿಯಲ್ಲಿ ಅಂಡೂರಿದ. ಅಷ್ಟು ಮೆತ್ತಗಿರುತ್ತದೆಂದು ಗೊತ್ತಿರಲಿಲ್ಲ. ಹಿಂದಕ್ಕೆ ವಾಲಿ ಬಿದ್ದು ಕಾಲು ಎರಡೂ ಮೇಲಕ್ಕೆ ಬಂದವು, ಎಮ್ಮೆ ಗೊರಸುಗಳು, ಕಡಲ ಕಡೆಗೆ ಹತ್ತು ಬೆರಳೂ ಹರಡಿಕೊಂಡು. ಇನ್ನು ಬಿದ್ದಾಯಿತಲ್ಲ ಎಂದು ಹಾಗೆಯೇ ಮಲಗಿದ.

ಕುರ್ಚಿಗಳ ಹಿಂದೆ ಮರಳಿನ ಮೇಲೆ ಅವರ ಹೆಜ್ಜೆಗಳು ಹಾಗೇ ಇದ್ದವು. ಬೇಲಿಯಿಂದ ಅರ್ಧದವರೆಗೆ ಬರೀ ಗೆರೆ. ಅಲ್ಲಿ ಬಿದ್ದಿದ್ದ ಕುಂಟೆಯ ಪಕ್ಕದಿಂದ, ಆಕಾಶದಿಂದ ಇಳಿದವರಂತೆ, ನಾಲ್ಕು ಪಾದಗಳು ಶುರುವಾಗಿ ಡೇರೆಯವರೆಗೂ ಬಂದಿದ್ದವು. ಬೇಲಿಯ ಸಂದಿಯಲ್ಲಿ ಮುದುಕಿಯೂ ಇನ್ನಿಬ್ಬರು ಹೆಂಗಸರೂ ನಿಂತು ನೋಡುತ್ತಿದ್ದರು.

ಹಿಮ್ಮಡಿ ಬಲಗೈ ಮೇಲೆತ್ತಿ ಒಂದು ಬೆರಳು ನಿಲ್ಲಿಸಿದ.

ಬೆನ್ನ ಹಿಂದೆ ಮರಳಿನಲ್ಲಿ ಸೂಪರ್‌ವೈಸರನ ಬೂಟುಗಳು ಕರಕರ ಎಂದವು, ನಿಂತವು. ಅಕ್ಕಪಕ್ಕದ ಗೆಸ್ಟುಗಳು ಕಪ್ಪು ಕನ್ನಡಕ ಸರಿಸಿ ನೋಡತೊಡಗಿದರು.

"ಗಾಡಿಯವ್ರು ಬರ್ತಾರಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ತಿರುಗಿ ನೋಡ್ಬೇಡ ಕಣೆ. ತಿರುಗಿ ನೋಡಿದ್ರೆ ಬರಲ್ಲ."

ಅವನು ಬೆರಳನ್ನು ಇಳಿಸಲಿಲ್ಲ. ಇನ್ನೊಂದು ಕೈಯನ್ನು ಮೊಣಕೈಗೆ ಆಸರೆಯಾಗಿ ಕೊಟ್ಟು ಎತ್ತಿಯೇ ಹಿಡಿದ. ಹೆಂಡತಿ ಆ ಬೆರಳನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಡಲ ಕಡೆಗೇ ಮುಖ ಮಾಡಿ, ತಾನೂ ಎಡಗೈಯ ಬೆರಳು ಮೇಲೆತ್ತಿದಳು.