ತೌಡಿಗೆ ಕೊಂಡ ಮಗಳು

ಶಾಲೆಯ ಸೀಟಿಗೆ ಚೀಟಿ ಎತ್ತಿದಾಗ ಗಾನವಿಯ ಹೆಸರು ಬಂದಿತ್ತು. ಬರದೇ ಹೋಗಿದ್ದರೆ ಧನಲಕ್ಷ್ಮಿ ಹಣೆಬರಹವೆಂದು ಅತ್ತು ಸುಮ್ಮನಾಗುತ್ತಿದ್ದಳೇನೋ. ಬಂದ ಸೀಟು ಕೈಗೆ ಸಿಕ್ಕ ಮೇಲೆ ಜಾರಿತಲ್ಲ, ಅದಕ್ಕೇ ಅವಳ ಹೊಟ್ಟೆ ಉರಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿಯನ್ನು ಬೈಯೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ, ಸೀಟು ಕಳೆದದ್ದು ಆರು ವರ್ಷದ ಮಗಳ ಬಾಯಿ.

ಬಿಡದಿಯಿಂದ ಆಚೆ ಹುಣಸೇದೊಡ್ಡಿ ಕ್ರಾಸಿನಲ್ಲಿರುವ ಆ ಶಾಲೆ ಸರ್ಕಾರದ್ದೇ, ಆದರೆ ಇಂಗ್ಲಿಷ್ ಮೀಡಿಯಂ. ಸುತ್ತಲಿನ ದೊಡ್ಡಿಗಳ ಮಕ್ಕಳಿಗೆ ಮಾತ್ರ ಪ್ರವೇಶ, ಅದೂ ಚೀಟಿ ಎತ್ತಿ. ಹುಣಸೇದೊಡ್ಡಿಯೊಳಗಿನ ಹಳೇ ಶಾಲೆಗೆ ಮಕ್ಕಳು ಸಾಲದೆ ಬೀಗ ಬಿದ್ದು, ಈಗ ಅದರ ಜಗಲಿಯ ಮೇಲೆ ಮೇಕೆಗಳು ಮಲಗುತ್ತವೆ. ಪ್ರೈವೇಟ್ ಶಾಲೆಯ ಹಳದಿ ಬಸ್ಸು ಊರೊಳಕ್ಕೆ ಬಂದು ಹೋಗುತ್ತದೆ, ಮಗಳನ್ನು ಅದಕ್ಕೆ ಹತ್ತಿಸುವ ತಾಕತ್ತು ಅಶೋಕನಿಗಿಲ್ಲ. ಅವನು ಕಾರ್ಖಾನೆಗೆ ಆಳುಗಳನ್ನು ಸಾಗಿಸುವ ವ್ಯಾನಿನ ಡ್ರೈವರು. ಹೆಂಡತಿ ಧನಲಕ್ಷ್ಮಿ ಬಿಡದಿಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿಗೆ ಹಿಟ್ಟು ಹುಯ್ಯುವವಳು. ಕ್ರಾಸಿನ ಶಾಲೆ ತಪ್ಪಿದರೆ ಮಗಳನ್ನು ಎಲ್ಲಿ ಓದಿಸುವುದು ಎಂಬುದಕ್ಕೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಉತ್ತರ ಒಂದೇ ಇತ್ತು. ದೊಡ್ಡಮಳೂರಿನ ನಾದಿನಿ ಮಮತಾಳ ಮನೆಯಲ್ಲಿ ಬಿಡುವುದು. ಆ ಮಾತನ್ನು ಯಾರಾದರೂ ಎತ್ತಿದರೆ ಸಾಕು, ಧನಲಕ್ಷ್ಮಿ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು.

ಸೇರಿಸುವ ದಿನ ಹೆಡ್ ಮೇಡಂ ಎಲ್ಲ ಮಕ್ಕಳನ್ನೂ ಕೇಳಿದ ಹಾಗೆಯೇ ಗಾನವಿಯನ್ನೂ ಕೇಳಿದ್ದರು. "ಯಾರ ಜೊತೆ ಬಂದೆ ಪುಟ್ಟಿ?"

"ನಮ್ಮತ್ತೆ ಜೊತೆ."

"ನಿಮ್ಮಮ್ಮ ಬರಲಿಲ್ವಾ?"

"ನಮ್ಮವ್ವ ದೊಡ್ಡಮಳೂರಲ್ಲಿ ಅವ್ಳೆ."

ಮೇಡಂ ಕನ್ನಡಕದ ಮೇಲಿಂದ ಧನಲಕ್ಷ್ಮಿಯನ್ನು ನೋಡಿದರು. ಹೋದ ವರ್ಷ ಯಾರೋ ಪುಣ್ಯಾತ್ಮರು ದೂರದೂರಿನ ನೆಂಟರ ಮಕ್ಕಳನ್ನು ತಮ್ಮವೆಂದು ತೋರಿಸಿ ಸೀಟು ಹೊಡೆದುಕೊಂಡಿದ್ದರು. ಅದು ಆಮೇಲೆ ಬಯಲಾಗಿ ಮೇಡಂಗೆ ನೋಟಿಸು ಬಂದಿತ್ತು. ಆ ಮಕ್ಕಳ ಕಾಗದಪತ್ರವೂ ಹೀಗೇ ಸೊಗಸಾಗಿತ್ತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಧನಲಕ್ಷ್ಮಿ ಹೇಳಿದ್ದೊಂದನ್ನೂ ಮೇಡಂ ಕೇಳಿಸಿಕೊಳ್ಳಲಿಲ್ಲ. "ಮಗು ಸುಳ್ಳು ಹೇಳಲ್ಲ ಕಣಮ್ಮ" ಎಂದು ಮುಂದಿನವರನ್ನು ಕರೆದರು.

ಮಗು ಸುಳ್ಳು ಹೇಳಿರಲಿಲ್ಲ ಎನ್ನುವುದೂ ನಿಜವೇ. ಹೇಗೆ ಅಂತೀರಾ?

ಧನಲಕ್ಷ್ಮಿಗೆ ಇದಕ್ಕೂ ಮೊದಲು ಎರಡು ಗಂಡು ಹುಟ್ಟಿ ಹೋಗಿದ್ದವು. ಮೊದಲನೆಯದು ನಗುವುದನ್ನು ಕಲಿತ ಮೇಲೆ ಹೋಯಿತು, ಎರಡನೆಯದು ಕಣ್ಣನ್ನೇ ಬಿಡಲಿಲ್ಲ. ಎರಡನ್ನೂ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಮೇಲೆ ಬಿಳಿ ಎಕ್ಕದ ಗಿಡ ನೆಟ್ಟಿದ್ದಾರೆ. ಮೂರನೆಯದು ಹುಟ್ಟಿ ಆಸ್ಪತ್ರೆಯಿಂದ ಬಂದ ದಿನ ಅತ್ತೆ ಮಾರಮ್ಮ ಸೊಸೆಯನ್ನು ಒಂದು ಮಾತೂ ಕೇಳಲಿಲ್ಲ. ಹಳೇ ಬಟ್ಟೆ ಹಾಸಿದ ಮೊರದಲ್ಲಿ ಕೂಸನ್ನು ಮಲಗಿಸಿ, ತಿಪ್ಪೆಯ ಅಂಚಿನಲ್ಲಿಟ್ಟು, ದೂರ ಬಂದು ನಿಂತಳು. ದಾರಿಯಲ್ಲಿ ಹೋಗುವವಳ ಹಾಗೆ ಮಮತಾ ಬಂದಳು. ಮಾರಮ್ಮನಿಗೆ ಅವಳು ಮಗಳೇ, ಆದರೆ ಬೇರೆ ಮನೆಗೆ ಕೊಟ್ಟವಳು, ಕಲ್ಲು ಗುಂಡಿನಂಥ ಮೂರು ಮಕ್ಕಳ ತಾಯಿ.

"ಯಾರದಮ್ಮಾ ಈ ಕೂಸು?"

"ಯಾರದೋ ಕಾಣೆ ಕಣವ್ವ. ಯಾರೋ ಬಿಸಾಕಿ ಹೋಗವ್ರೆ. ಬೇಕಾದ್ರೆ ಒಸಿ ತೌಡು ಕೊಟ್ಟು ಎತ್ಕೊಂಡೋಗು."

ಮಮತಾ ಸೆರಗಿನಲ್ಲಿದ್ದ ತೌಡನ್ನು ಸುರಿದು ಕೂಸನ್ನು ಎತ್ತಿಕೊಂಡಳು. ಅಲ್ಲಿಗೆ ಮಗು ಅವಳದಾಯಿತು. ಸಾಕುವುದಕ್ಕೆಂದು ಧನಲಕ್ಷ್ಮಿಯ ಮಡಿಲಿಗೆ ಹಾಕಿ ಹೋದಳು, ಅಷ್ಟೆ. ಎರಡು ಸಲ ಹೊಸ್ತಿಲು ದಾಟಿ ಬಂದು ಜೀವ ಒಯ್ದು ರುಚಿ ಕಂಡವನು ಮೂರನೇ ಸಲ ಬಂದರೆ, ಈ ಮನೆಯಲ್ಲಿ ಇವಳ ಮಗು ಯಾವುದೂ ಇಲ್ಲವಪ್ಪ ಎಂದು ಹಿಂದಕ್ಕೆ ಹೋಗಬೇಕು. ಮಗುವಿಗೆ ಏಳು ತುಂಬಿದ ಮೇಲೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಮುಂದೆ ಬೆಲ್ಲ ತೂಗಿ, ಮಮತಾಳಿಂದ ಬಿಡಿಸಿಕೊಂಡು ಬರುವುದು. ಅಲ್ಲಿಯವರೆಗೆ ಹೆತ್ತವಳು ಅತ್ತೆ, ಹೆತ್ತವನು ಮಾವ. ಕೊಂಡವಳು ಅವ್ವ.

ಧನಲಕ್ಷ್ಮಿ ಪಿಯುಸಿ ಓದಿದವಳು. ಇಂಥ ಕತೆಗಳನ್ನು ಕೇಳಿ ಕಾಲೇಜಿನಲ್ಲಿ ಗೆಳತಿಯರ ಜೊತೆ ಬಿದ್ದು ಬಿದ್ದು ನಕ್ಕವಳು. ಎರಡು ಎಕ್ಕದ ಗಿಡಕ್ಕೆ ನೀರು ಹುಯ್ದ ಮೇಲೆ ಯಾರ ನಗುವೂ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ಅವಳು ಮಗಳಿಗೆ ತಾನೇ "ಅತ್ತೆ" ಎನ್ನುವುದನ್ನು ಕಲಿಸಿದಳು.

ಆದರೂ ಒಂದು ಸಾರಿ ಎಡವಟ್ಟಾಗಿತ್ತು. ಮಗುವಿಗೆ ಮೂರು ವರ್ಷವಿರಬೇಕು. ಬೀದಿಯ ಮಕ್ಕಳನ್ನು ನೋಡಿಯೋ ಏನೋ, ಕೆಲಸದಿಂದ ಬಂದ ಧನಲಕ್ಷ್ಮಿಯ ಕಾಲಿಗೆ ಸುತ್ತಿಕೊಂಡು "ಅವ್ವಾ" ಎಂದುಬಿಟ್ಟಿತು. ಧನಲಕ್ಷ್ಮಿಯ ಎದೆ ಝಲ್ಲೆಂದಿತು, ಹಿಗ್ಗಿನಿಂದಲೋ ಭಯದಿಂದಲೋ ಅವಳಿಗೇ ತಿಳಿಯಲಿಲ್ಲ. ಮಾರಮ್ಮ ಮಗುವನ್ನು ಬಾವಿಕಟ್ಟೆಯ ಹತ್ತಿರ ಎತ್ತಿಕೊಂಡು ಹೋಗಿ, ಕಿವಿಯಲ್ಲಿ ಏನೋ ಹೇಳಿ ಕರೆತಂದಳು. ಅಂದಿನಿಂದ ಆ ಮಾತು ಮಗುವಿನ ಬಾಯಲ್ಲಿ ಮತ್ತೆ ಬರಲಿಲ್ಲ. ಏನು ಹೇಳಿದಿರಿ ಎಂದು ಧನಲಕ್ಷ್ಮಿ ಕೇಳಲಿಲ್ಲ. ಸದ್ಯ, ನಾನು ಗದರಿಸುವುದು ತಪ್ಪಿತಲ್ಲ ಎಂದುಕೊಂಡಳು.

ಮೇಲಿನ ಕಚೇರಿಗೆ ಮೇಲ್ಮನವಿ ಹಾಕಿದ್ದಾಯಿತು. ವಿಚಾರಣೆಗೆ ಮಗುವನ್ನೂ ಕರೆತನ್ನಿ ಎಂದು ಹೇಳಿ ಕಳಿಸಿದರು. ಅಂದು ಸಂಜೆ ಧನಲಕ್ಷ್ಮಿ ಮಾರಮ್ಮನ ಮುಂದೆ ಕುಳಿತಳು.

"ಒಂದು ವರ್ಷ ಮುಂಚೆನೇ ಬಿಡಿಸ್ಕೊಂಡ್ ಬಂದುಬುಡಾನ. ದೇವರಿಗೆ ತಪ್ಪುಕಾಣಿಕೆ ಕಟ್ಟಿದ್ರಾಯ್ತು."

"ಅರ್ಧಕ್ಕೆ ಮುರಿದ ಹರಕೆ ಅರ್ಧ ಕಡಿದ ಹಾವಿದ್ದಂಗೆ ಕಣಮ್ಮಿ," ಎಂದಳು ಮಾರಮ್ಮ. ಕಣ್ಣಲ್ಲಿ ನೀರಿತ್ತು. ಅವಳೇನು ಕೆಟ್ಟವಳಲ್ಲ. ಆ ಎರಡು ಕೂಸುಗಳನ್ನು ಕೊನೆಗೆ ಸ್ನಾನ ಮಾಡಿಸಿದ ಕೈ ಅವಳದೇ. "ಸ್ಕೂಲು ಇವತ್ತಿಲ್ದಿದ್ರೆ ನಾಳೆ ಬತ್ತದೆ. ಹೋದ ಮಗ ಬಂದದಾ? ನಿಂಗೆ ಗೊತ್ತಿಲ್ವಾ, ನಾನು ಹೇಳ್ಬೇಕಾ?"

ಮಮತಾ ಫೋನಿನಲ್ಲಿ, "ನಾನೇ ಬತ್ತೀನಿ ಅತ್ಗೆ, ಹೆತ್ತಿರೋದು ನೀವೇ ಅಂತ ಸಾಹೇಬ್ರ ಮುಂದೆ ಹೇಳ್ತೀನಿ" ಎಂದಳು. ಧನಲಕ್ಷ್ಮಿ ಬೇಡವೆಂದಳು. ಮಮತಾ ಬಂದು ನಿಂತರೆ ಗಾನವಿ "ಅವ್ವಾ" ಎಂದು ಓಡಿಹೋಗಿ ಅವಳ ಸೊಂಟ ಹಿಡಿಯುತ್ತಾಳೆ. ಆಮೇಲೆ ಯಾವ ಸಾಕ್ಷಿ ಹೇಳಿ ಏನು ಪ್ರಯೋಜನ?

ಕೊನೆಗೆ ಅತ್ತೆಯ ಕಣ್ಣು ತಪ್ಪಿಸಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗಳನ್ನು ಕೂರಿಸಿ ಪಾಠ ಶುರು ಮಾಡಿದಳು.

"ಅಲ್ಲಿ ಒಬ್ರು ಸಾಹೇಬ್ರಿರ್ತಾರೆ. ಇವರು ಯಾರು ಅಂತ ನನ್ನ ತೋರಿಸಿ ಕೇಳ್ತಾರೆ. ಆಗ ಅವ್ವ ಅನ್ನಬೇಕು. ಎಲ್ಲಿ, ಅನ್ನು?"

ಗಾನವಿ ಕಲ್ಲಿನ ಮೇಲಿನ ಸೋಪಿನ ಚೂರನ್ನು ಉಗುರಿನಿಂದ ಕೆರೆಯುತ್ತಾ ಕುಳಿತಳು.

"ಅಂದ್ರೆ ಏನಾಯ್ತದೆ?"

"ಸ್ಕೂಲಿಗೆ ಸೇರಿಸ್ಕೊತಾರೆ. ನೀಲಿ ಯೂನಿಫಾರಂ ಕೊಡ್ತಾರೆ."

"ಆಮ್ಯಾಕೆ?"

"ಆಮ್ಯಾಕೇನು? ದಿನಾ ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ."

ಮಗು ಅವಳ ಮುಖವನ್ನು ದಿಟ್ಟಿಸಿ ನೋಡಿತು. "ಅವತ್ತೇ ಹೇಳ್ತೀನಿ, ಈಗ ಬ್ಯಾಡ" ಎಂದಿತು. ಧನಲಕ್ಷ್ಮಿ ಅಷ್ಟಕ್ಕೇ ಹಿಗ್ಗಿದಳು. ಅಭ್ಯಾಸ ಮಾಡಿಸುವ ನೆಪದಲ್ಲಿ ಆ ಮಾತನ್ನು ಒಂದು ಸಾರಿಯಾದರೂ ಕಿವಿಯಾರೆ ಕೇಳುವ ಆಸೆ ಅವಳಿಗಿತ್ತು, ಅದನ್ನು ನುಂಗಿಕೊಂಡಳು.

ವಿಚಾರಣೆಗೆ ಹೋದ ದಿನ ಅಧಿಕಾರಿ ಎದುರಿನ ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿಸಿದರು. ಒಳ್ಳೆಯ ಮನುಷ್ಯ. ಒಳ್ಳೆಯವರ ಕೈಯಲ್ಲಿ ಸಿಕ್ಕಿ ಕೆಡುವುದೇ ಹೆಚ್ಚು, ಬೈಯುವುದಕ್ಕೂ ಆಗುವುದಿಲ್ಲ. ಹೆಡ್ ಮೇಡಂ ಪಕ್ಕದಲ್ಲಿದ್ದರು. ಗಾನವಿಯ ನಂತರದ ಚೀಟಿಯ ಹುಡುಗನ ತಂದೆ ಮಗನ ಕೈ ಹಿಡಿದು ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದ. ಧನಲಕ್ಷ್ಮಿ ಮೊರ, ತಿಪ್ಪೆ, ತೌಡು ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದಳು. ಓದಿದವಳಾಗಿ ಇದನ್ನೆಲ್ಲ ಹೇಳಬೇಕಾಯಿತಲ್ಲ ಎಂದು ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅಧಿಕಾರಿ ನಕ್ಕರು. "ನಮ್ಮಣ್ಣನನ್ನೂ ನಮ್ಮಜ್ಜಿ ಹೀಗೇ ಮಾರಿದ್ರಂತೆ. ಇರ್ಲಿ ಮೇಡಂ, ನಂಬೋಣ. ಆದರೆ ನಾಳೆ ನನ್ನ ಮೇಲೂ ದೂರು ಬರಬಾರದಲ್ಲ. ಮಗು ಒಂದು ಸಲ ಹೇಳಿಬಿಡಲಿ, ಇಲ್ಲೇ ಸಹಿ ಹಾಕ್ತೀನಿ." ಪೆನ್ನಿನ ಮುಚ್ಚಳ ತೆಗೆದು ಮಗುವಿನ ಕಡೆ ಬಾಗಿದರು. "ಪುಟ್ಟಿ, ಇವರು ಯಾರಮ್ಮಾ?"

ಗಾನವಿ ಧನಲಕ್ಷ್ಮಿಯನ್ನು ನೋಡಿದಳು. ತುಟಿ ಬಿಚ್ಚಿತು. ಮತ್ತೆ ಮುಚ್ಚಿತು.

"ಹೇಳು ಮಗ" ಎಂದ ಅಶೋಕ.

"ಅತ್ತೆ."

"ಗಾನೂ, ಮನೇಲಿ ಏನು ಹೇಳ್ಕೊಟ್ಟಿದ್ದೆ?" ಎಂಬ ಮಾತು ಧನಲಕ್ಷ್ಮಿಯ ಬಾಯಿಂದ ಜಾರಿಬಿಟ್ಟಿತು. ಹೆಡ್ ಮೇಡಂ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಪೆನ್ನನ್ನು ಕೆಳಗಿಟ್ಟರು.

ಆಗ ಧನಲಕ್ಷ್ಮಿಗೆ ಹರಕೆಯೂ ಬೇಡವಾಯಿತು, ಹೊಸ್ತಿಲ ಭಯವೂ ಬೇಡವಾಯಿತು. ಎದ್ದು ನಿಂತಳು. ಆರು ವರ್ಷ ಯಾರ ಮುಂದೆಯೂ, ದೇವರ ಮುಂದೆಯೂ ಆಡದ ಮಾತನ್ನು ಗಟ್ಟಿಯಾಗಿ ಆಡಿದಳು. "ನನ್ ಮಗಳು ಸಾರ್ ಇದು. ನಾನೇ ಹೆತ್ತಿರೋದು. ನಾನೇ ಇವಳವ್ವ!"

ಮಗು ಕಿಟಾರನೆ ಕಿರುಚಿತು. "ಅಲ್ಲ! ನೀನು ನಮ್ಮವ್ವ ಅಲ್ಲ! ಅಲ್ಲ, ಅಲ್ಲ!" ಎಂದು ಎರಡೂ ಕೈಯಿಂದ ಅವಳನ್ನು ಗುದ್ದಿತು. ಮೇಜಿನ ಕಾಲನ್ನು ತಬ್ಬಿ ಹಿಡಿಯಿತು. ಜಗಲಿಯಲ್ಲಿದ್ದ ಗಂಡಸು ಬಾಗಿಲಿಂದ ಇಣುಕಿದ.

ಅಷ್ಟಾದ ಮೇಲೆ ಉಳಿಯುವುದೇನಿತ್ತು? ಅಧಿಕಾರಿ ಬೈಯಲಿಲ್ಲ. "ಮಗುವಿಗೆ ಇಷ್ಟು ಹಿಂಸೆ ಕೊಡಬಾರದಮ್ಮ" ಎಂದರು. "ಅವರಮ್ಮ ಎಲ್ಲಿದ್ದಾರೋ ಅಲ್ಲೇ ಸೇರಿಸಿ. ಚನ್ನಪಟ್ಟಣದ ಕಡೆ ನಾನೇ ಫೋನ್ ಮಾಡಿ ಹೇಳ್ತೀನಿ, ದೊಡ್ಡಮಳೂರಲ್ಲಿ ತೊಂದರೆಯಾಗಲ್ಲ." ಜಗಲಿಯವನನ್ನು ಒಳಗೆ ಕರೆದರು. ಅವನು ಧನಲಕ್ಷ್ಮಿಯ ಕಡೆ ನೋಡದೆ, ಮಗನ ತಲೆಗೂದಲನ್ನು ಸರಿಮಾಡುತ್ತಾ ಬಂದು ಕುರ್ಚಿಯ ಮೇಲೆ ಕುಳಿತ.

ಬಸ್ಸಿನಲ್ಲಿ ಅಶೋಕ "ಮಮತಂಗೆ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿ, ಎದ್ದು ಬಾಗಿಲ ಹತ್ತಿರ ನಿಂತುಕೊಂಡ. ಧನಲಕ್ಷ್ಮಿಗೆ ಮಗಳ ಮೇಲೆ ಸಿಟ್ಟು ಬಂದಿತ್ತು. ಹೆತ್ತ ಕರುಳು ಎನ್ನುತ್ತಾರೆ, ಆ ಕರುಳಿಗೇ ಒದ್ದ ಹಾಗೆ ಅಂದುಬಿಟ್ಟಿತಲ್ಲ! ಕಿಟಕಿಯ ಕಡೆ ತಿರುಗಿ ಕುಳಿತಳು. ಒಂದು ಪುಟ್ಟ ಕೈ ಅವಳ ಸೆರಗಿನೊಳಗೆ ನುಗ್ಗಿ, ಎದೆಯ ಮೇಲೆ ಅಂಗೈಯಿಟ್ಟು, ಸುಮ್ಮನೆ ಅಲ್ಲೇ ನಿಂತಿತು.

"ಅತ್ತೆ, ನಿಂಗೇನೂ ಆಗಿಲ್ಲ ಅಲ್ವಾ?"

"ನಂಗೇನಾಗ್ಬೇಕು?"

"ಡಬಡಬ ಅಂತೈತೆ. ನಿಂತಿಲ್ಲ." ಗಾನವಿಯ ಮುಖದಲ್ಲಿ ನೆಮ್ಮದಿ ಕಂಡಿತು. ಯಾರೂ ಕೇಳದ ಹಾಗೆ ಕಿವಿಯ ಹತ್ತಿರ ಬಂದಳು. "ನಾನು ಅವ್ವ ಅಂದ್ರೆ ನೀನು ಸತ್ತೋಯ್ತೀಯಂತೆ. ಪಾಪುಗಳ ಪಕ್ಕದಲ್ಲೇ ಮಣ್ಣಿಗೆ ಹಾಕ್ಬುಡ್ತಾರಂತೆ. ಅಜ್ಜಿ ಬಾವಿ ತಾವ ಹೇಳೈತೆ. ನೀನೇ ಮರ್ತು ಅಂದ್ಬುಟ್ಟೆ. ಅದಕ್ಕೇ ನಾನು ಜೋರಾಗಿ ಅಲ್ಲ ಅಂದೆ. ಪಾಪುಗಳ್ನ ಎತ್ಕೊಂಡೋದವ್ನು ಕೇಳಿಸ್ಕೊಂಡವ್ನೆ, ಬರಲ್ಲ ಬುಡು."

ಧನಲಕ್ಷ್ಮಿ ಆ ಪುಟ್ಟ ಕೈಯನ್ನು ಹಿಡಿದುಕೊಂಡಳು. ಬಾವಿಕಟ್ಟೆಯ ಹತ್ತಿರ ಅತ್ತೆ ಏನು ಹೇಳಿದಳೆಂದು ಅಂದೇ ಕೇಳಬೇಕಿತ್ತು. ಇಷ್ಟು ವರ್ಷ ತಾನು ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಮೂರನೇ ವರ್ಷದಿಂದ ಆ ಕೂಸು ಒಂಟಿಯಾಗಿ, ಯಾರಿಗೂ ಹೇಳದೆ ಅವಳನ್ನು ಕಾಯುತ್ತಿತ್ತು. ಇನ್ನು ಅದನ್ನು ದೊಡ್ಡಮಳೂರಿನಲ್ಲಿ ಬಿಟ್ಟು ಬರಬೇಕು, ತೌಡು ಕೊಟ್ಟು ಕೊಂಡವಳಿಗೆ ನಿಜವಾಗಿಯೂ ಒಪ್ಪಿಸಿ ಬರಬೇಕು.

ಮಗಳನ್ನು ಬಿಗಿಯಾಗಿ ಅಪ್ಪಿ, ಅಳುತ್ತಲೇ ಹೇಳಿದಳು. "ನಾನು ಸಾಯಲ್ಲ ಕಂದ. ಅಜ್ಜಿ ಸುಳ್ಳು ಹೇಳೈತೆ. ನಾನು ನಿನ್ನ..."

ಗಾನವಿ ಗಾಬರಿಯಿಂದ ತಿರುಗಿ ಅವಳ ಬಾಯಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿದಳು. ಬಿಡದಿಯಲ್ಲಿ ಇಳಿಯುವವರೆಗೂ ಆ ಕೈ ತೆಗೆಯಲೇ ಇಲ್ಲ.