ಟೀ ಪಾತ್ರೆಯ ಕೆಳಗಿನ ತಗಡು

ತೈಪೆಯ ಆ ಚಿಪ್ ಕಂಪನಿಯಲ್ಲಿ ವರ್ಷದ ಕೊನೆಯ ಔತಣಕ್ಕೆ ಇಡೀ ಕೋಳಿಯನ್ನೇ ಬೇಯಿಸಿ ಮೇಜಿನ ನಡುವೆ ಇಡುತ್ತಿದ್ದರು. ಅದನ್ನು ನೋಡಿ ಯಾರ ಬಾಯಲ್ಲೂ ನೀರೂರುತ್ತಿರಲಿಲ್ಲ. ಕೋಳಿಯ ತಲೆ ಯಾರ ಕಡೆ ತಿರುಗಿ ನಿಲ್ಲುತ್ತದೋ ಅವರ ಕೆಲಸ ಅಲ್ಲಿಗೆ ಮುಗಿಯಿತು ಎಂದು ಅರ್ಥ. ಬೇರೆ ಕಂಪನಿಗಳವರು ನಾಚಿಕೆಪಟ್ಟು ತಲೆ ತೆಗೆಸಿಯೇ ಬಡಿಸುತ್ತಿದ್ದರು. ಮ್ಯಾನೇಜರ್ ವೆಂಗ್ ಮಾತ್ರ ಆ ಪದ್ಧತಿ ಬಿಡಲಿಲ್ಲ. ಅವನಿಗೆ ಅದರಲ್ಲೊಂದು ಸುಖವಿತ್ತು, ಪಾಪಿ.

ಆ ವರ್ಷ ಅವನು ಮೇಜಿನ ನಡುವಿನ ತಿರುಗುವ ಹಲಗೆಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿದ. ಕೋಳಿ ಒಬ್ಬೊಬ್ಬರ ಮುಖ ನೋಡುತ್ತ ಬಂದು ಸೂಯುನ್ ಎದುರು ನಿಂತಿತು.

ಚಿಪ್‌ಗಳ ನಕ್ಷೆ ಬಿಡಿಸುವುದರಲ್ಲಿ ಸೂಯುನ್‌ಳನ್ನು ಮೀರಿಸುವವರು ಆ ಕಂಪನಿಯಲ್ಲಿರಲಿಲ್ಲ. ಅವಳು ಮಾಡಿದ ಅಪರಾಧವಾದರೂ ಏನು? ಅವಳು ಬಿಡಿಸಿದ ನಕ್ಷೆಯನ್ನು ವೆಂಗ್ ತನ್ನದೆಂದು ಜಪಾನಿನ ಗಿರಾಕಿ ಒಕಾಬೆಗೆ ತೋರಿಸುತ್ತಿದ್ದಾಗ, ಎಲ್ಲರ ಎದುರು ಎದ್ದು ನಿಂತು "ಅದು ನನ್ನ ಕೆಲಸ" ಎಂದಿದ್ದಳು. ಅಷ್ಟೇ.

"ಬರಿಗೈಲಿ ಕಳಿಸೋಕಾಗುತ್ತಾ ನಮ್ಮ ಸೂಯುನ್‌ನ?" ಎಂದು ವೆಂಗ್ ಕೆಂಪು ಕಾಗದ ಸುತ್ತಿದ ಪೊಟ್ಟಣ ಕೊಟ್ಟ. ಬಿಚ್ಚಿದರೆ ಅವಳು ವರ್ಷಗಟ್ಟಲೆ ಬಳಸಿದ ವರ್ಕ್‌ಸ್ಟೇಷನ್ ಎಂಬ ದೊಡ್ಡ ಕಂಪ್ಯೂಟರಿನ ಕೀಬೋರ್ಡು, ಮೌಸು. ಯಂತ್ರ ಆಗಲೇ ಗುಜರಿಗೆ ಹೋಗಿತ್ತು, ಅದು ಬಿಟ್ಟು ಬೇರೆ ಯಾವುದಕ್ಕೂ ಇವು ಹೊಂದುತ್ತಿರಲಿಲ್ಲ. "ಮನೆ ಕಂಪ್ಯೂಟರ್‌ಗೆ ಚುಚ್ಕೋ. ಹೋಗದಿದ್ರೆ ಸುತ್ತಿಗೆಲಿ ಹೊಡಿ, ಹೋಗುತ್ತೆ!"

ಅವಳ ಪಕ್ಕದಲ್ಲೇ ದಿನಾ ಊಟ ಮಾಡುತ್ತಿದ್ದವರು ಕೂಡ ಕಿಸಕ್ಕನೆ ನಕ್ಕರು. ಸೂಯುನ್ ಆ ನಗುವನ್ನು ಮರೆಯಲಿಲ್ಲ. ಪೊಟ್ಟಣ ಎತ್ತಿಕೊಂಡು, ತಲೆ ಬಾಗಿಸಿ ವಂದಿಸಿ, ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತು ಅತ್ತಳು. ದುಃಖಕ್ಕಲ್ಲ, ರೋಷಕ್ಕೆ.

ಹೊಸ ವರ್ಷದ ರಜೆ ಮುಗಿಯುವಷ್ಟರಲ್ಲಿ ಒಕಾಬೆ ಹೊಸ ಚಿಪ್ಪೊಂದರ ನಕ್ಷೆಗೆ ಪೈಪೋಟಿ ಇಟ್ಟ. ಯಾರೇ ಆಗಲಿ, ಎಲ್ಲರಿಗಿಂತ ಚಿಕ್ಕದಾಗಿ ಬಿಡಿಸಿದವರಿಗೆ ಕೆಲಸ. ವೆಂಗ್‌ನ ಕಂಪನಿ ಬದುಕಿದ್ದೇ ಒಕಾಬೆಯ ಕೆಲಸದಿಂದ. ಅದನ್ನು ಕಿತ್ತುಕೊಂಡರೆ ವೆಂಗ್ ನೆಲಕ್ಕೆ ಬೀಳುತ್ತಾನೆ. ಸೂಯುನ್‌ಗೆ ಬೇಕಾಗಿದ್ದದ್ದು ಅದೊಂದೇ. ಮನೆಯ ಕಂಪ್ಯೂಟರಿನಲ್ಲೇ ಬಿಡಿಸುವುದೆಂದು ಕೂತಳು. ಆದರೆ ಅಂಗಡಿಯ ಕೀಬೋರ್ಡಿನಲ್ಲಿ ಅವಳ ಎಡಗೈ ಕುರುಡಾಯಿತು. ಹಳೆಯದರಲ್ಲಿ ಎಡಕ್ಕೊಂದು ಸಾಲು ಕೀಲಿಗಳಿದ್ದವು, ಅವನ್ನು ಅವಳ ಬೆರಳುಗಳು ಕೇಳದೆಯೇ ಮುಟ್ಟುತ್ತಿದ್ದವು. ಇದರಲ್ಲಿ ಆ ಸಾಲೇ ಇಲ್ಲ.

ಪೊಟ್ಟಣ ಎತ್ತಿಕೊಂಡು ಸೇತುವೆಯ ಕೆಳಗಿನ ಹಳೆ ಸಾಮಾನಿನ ಮಾರುಕಟ್ಟೆಗೆ ಹೋದಳು. ಅಲ್ಲಿ ಪಾನ್ ಎಂಬ ಪರಿಚಯದ ರಿಪೇರಿಯವನಿದ್ದ.

"ಪಾನ್ ಅಣ್ಣ, ಇದನ್ನ ಮನೆ ಕಂಪ್ಯೂಟರ್‌ಗೆ ಸೇರಿಸಿಕೊಡು."

ಪಾನ್ ಗುಂಡನೆಯ ಪ್ಲಗ್ ನೋಡಿ ನಕ್ಕ. "ಇವೆರಡೂ ಬೇರೆ ಬೇರೆ ಜಾತಿ ಕಣಮ್ಮ. ಇದು ಮಾತಾಡೋದು ಅದಕ್ಕೆ ಕೇಳ್ಸಲ್ಲ, ಅದು ಹೇಳೋದು ಇದಕ್ಕೆ ತಿಳಿಯಲ್ಲ. ಹೊಸದೊಂದು ತಗೊಂಡು ಹೋಗ್ಬಾರ್ದಾ? ಕಡಿಮೆಗೆ ಕೊಡ್ತೀನಿ."

"ಬೇಡ. ಯಾವುದನ್ನ ಕೊಟ್ಟು ಎಲ್ಲರೂ ನನ್ನ ನೋಡಿ ನಗೋ ಹಾಗೆ ಮಾಡಿದ್ನೋ, ಅದರಲ್ಲೇ ಅವನನ್ನ ಹೊಡೀಬೇಕು."

"ಯಾರನ್ನ?"

"ನೀನು ಕೆಲಸ ನೋಡು."

"ಅಬ್ಬಾ! ನಿನ್ನ ಶತ್ರು ನಾನಾಗ್ಲಿಲ್ಲವಲ್ಲ, ಪುಣ್ಯ," ಎಂದ ಪಾನ್. ನಡುವೆ ಕೂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ಪುಟ್ಟ ಡಬ್ಬಿಯೊಂದನ್ನು ಮಾಡಿದ. ಮೊದಲ ಡಬ್ಬಿಯಲ್ಲಿ ಒಂದು ಕೀಲಿ ಒತ್ತಿದರೆ ಇನ್ನೊಂದರ ಅಕ್ಷರ ಬಂತು. ಎರಡನೆಯದು ಹೊಗೆಯಾಡಿತು. ಮೂರನೆಯದು ಸರಿಹೋಯಿತು. ಕೀಲಿಗಳೆಲ್ಲ ಮಾತು ಕೇಳಿದವು, ಎಡಗಡೆಯ ಸಾಲು ಕೂಡ.

ಮೌಸ್ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮೇಜಿನ ಮೇಲೆ, ಬಟ್ಟೆಯ ಮೇಲೆ, ಕಾಗದದ ಮೇಲೆ ಎಳೆದಾಡಿದರು. ಕೊನೆಗೆ ಸೂಯುನ್ ಹಣೆ ಚಚ್ಚಿಕೊಂಡಳು. ಆಗಿನ ಬೇರೆ ಮೌಸುಗಳಂತೆ ಈ ಮೌಸಿನ ಹೊಟ್ಟೆಯಡಿ ಉರುಳುವ ಗುಂಡು ಇಲ್ಲ. ಸಣ್ಣ ಚೌಕದ ಗೆರೆಗಳಿರುವ ಹೊಳೆಯುವ ಲೋಹದ ತಗಡೊಂದು ಇದರ ಜೊತೆಗೇ ಬಂದಿತ್ತು, ಅದರ ಗೆರೆ ನೋಡಿಕೊಂಡೇ ಇದು ನಡೆಯುವುದು. ಮಾರುಕಟ್ಟೆಯಿಡೀ ಹುಡುಕಿದರೂ ಅಂಥದೊಂದು ತಗಡು ಸಿಗಲಿಲ್ಲ. ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಯಂತ್ರವನ್ನು ಗುಜರಿಗೆ ಸಾಗಿಸಿದ ದಿನ ವೆಂಗ್ ಅವಳ ಕಣ್ಣೆದುರೇ ಅದನ್ನು ಚೆಂದವಾಗಿದೆ ಎಂದು ಎತ್ತಿಕೊಂಡು ತನ್ನ ಟೀ ಪಾತ್ರೆಯ ಕೆಳಗೆ ಇಟ್ಟುಕೊಂಡಿದ್ದ.

ಕಂಪನಿಗೆ ಹೋಗಲೇಬೇಕಾಯಿತು. ವೆಂಗ್ ಅವಳಿಗೆ ಕೂರಲೂ ಹೇಳಲಿಲ್ಲ.

"ಏನಮ್ಮಾ, ಕೆಲಸ ಕೇಳ್ಕೊಂಡು ಬಂದ್ಯಾ?"

"ಇಲ್ಲ ಸಾರ್. ಇಷ್ಟು ವರ್ಷ ದುಡಿದ ಜಾಗ, ನೆನಪಿಗೆ ಆ ಹಳೆ ತಗಡು ಕೊಟ್ಟರೆ ಸಾಕು."

ವೆಂಗ್ ಕುರ್ಚಿಗೆ ಒರಗಿದ. ಕಣ್ಣಲ್ಲಿ ಕುಣಿತ. "ಕೊಡೋಣ. ಮೊದಲು ಒಂದು ಕಪ್ ಟೀ ಬಗ್ಗಿಸಿ ಕೊಡು. ನಿನ್ನ ಕೈಯಿಂದ ಒಂದು ಸಲನೂ ಕುಡಿದಿಲ್ಲ ನೋಡು."

ಗಾಜಿನಾಚೆ ಎಲ್ಲರೂ ನೋಡುತ್ತಿದ್ದರು. ಸೂಯುನ್ ಪುಟ್ಟ ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು, ಟೀ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವಳ ಮೈಯೆಲ್ಲ ಹತ್ತಿ ಉರಿಯುತ್ತಿತ್ತು, ಆದರೂ ಒಂದು ಹನಿ ಚೆಲ್ಲಲಿಲ್ಲ. ಅವನು ಸಾವಕಾಶವಾಗಿ ಹೀರಿ, ಪಾತ್ರೆ ಎತ್ತಿ, ತಗಡನ್ನು ಅವಳ ಕಡೆ ತಳ್ಳಿದ.

"ತಗೊಂಡು ಹೋಗು. ಗೋಡೆಗೆ ತೂಗು ಹಾಕಿ ಪೂಜೆ ಮಾಡ್ಕೋ."

"ನಿಮ್ಮ ಉಪಕಾರ ಮರೆಯಲ್ಲ ಸಾರ್," ಎಂದಳು. ಅದು ಸುಳ್ಳಾಗಿರಲಿಲ್ಲ.

ಟೀ ಕಲೆಯನ್ನು ಉಜ್ಜಿ ತೊಳೆದು ಮೌಸ್ ಇಟ್ಟಳು. ಪರದೆಯ ಮೇಲೆ ಬಾಣ ಸರ್ರನೆ ಓಡಿತು. ಆಮೇಲೆ ಅವಳು ಬಿಡಿಸಿದ್ದೇ ಬಿಡಿಸಿದ್ದು. ಒಂದೊಂದು ತಂತಿ ಎಳೆಯುವಾಗಲೂ ಆ ಕಿಸಕ್ಕನೆ ನಗು ಕಿವಿಯಲ್ಲಿ ಕೇಳುತ್ತಿತ್ತು, ಗೆರೆ ಇನ್ನಷ್ಟು ಬಿಗಿಯಾಗುತ್ತಿತ್ತು.

ಒಕಾಬೆ ಅವಳ ನಕ್ಷೆಯನ್ನೇ ಆರಿಸಿದ. ಇನ್ನು ಮುಂದೆ ಈಕೆ ಎಲ್ಲಿರುತ್ತಾಳೋ ಅಲ್ಲಿಗೇ ನನ್ನ ಕೆಲಸ ಎಂದೂ ಹೇಳಿದ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಕೆಲಸವಿಲ್ಲದೆ ಸೊರಗಿದ ಹಳೆಯ ಕಂಪನಿಯ ಯಜಮಾನ ಲೂ ಸೇಬಿನ ಪೆಟ್ಟಿಗೆ ಹಿಡಿದು ಅವಳ ಮನೆ ಬಾಗಿಲಿಗೆ ಬಂದರು.

"ವಾಪಸ್ ಬಾರಮ್ಮ. ವೆಂಗ್ ಜಾಗಕ್ಕೇ ಬಾ."

"ಬರ್ತೀನಿ ಯಜಮಾನ್ರೇ. ಆದ್ರೆ ಈ ಸಲ ಕೋಳಿ ತಿರುಗಿಸೋದು ನಾನು."

ಲೂ ಮುಖ ಕಿವುಚಿದರು. "ಕರೆದು ಮಾತಲ್ಲೇ ಹೇಳಿದ್ರಾಗಲ್ವಾ? ಅವನಿಗೂ ವಯಸ್ಸಾಯ್ತು."

"ನಂಗೆ ಮಾತಲ್ಲಿ ಹೇಳಿದ್ರಾ?"

"ಆಗ್ಲಿ, ನಿನ್ನಿಷ್ಟ," ಎಂದು ಲೂ ಸೇಬಿನ ಪೆಟ್ಟಿಗೆ ಅಲ್ಲೇ ಬಿಟ್ಟು ಎದ್ದರು.

ಔತಣದ ದಿನ ಅದೇ ಹೋಟೆಲು, ಅದೇ ದುಂಡು ಮೇಜು. ಕಳೆದ ವರ್ಷ ನಕ್ಕವರೆಲ್ಲ ಈಗ ಬಟ್ಟಲು ನೋಡುತ್ತ ಕೂತಿದ್ದರು. ಸೂಯುನ್ ಅವಸರ ಮಾಡಲಿಲ್ಲ. ಕೋಳಿಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿದಳು, ಪ್ರತಿಯೊಬ್ಬರಿಗೂ ಎದೆ ಹೊಡೆದುಕೊಳ್ಳಲಿ ಎಂದು. ಆಮೇಲೆ ತಲೆಯನ್ನು ವೆಂಗ್ ಎದುರು ತಂದು ನಿಲ್ಲಿಸಿದಳು.

"ಬರಿಗೈಲಿ ಕಳಿಸೋಕಾಗುತ್ತಾ ನಮ್ಮ ವೆಂಗ್ ಅವರನ್ನ?" ಎಂದು ಕೆಂಪು ಕಾಗದದ ಪೊಟ್ಟಣ ಕೊಟ್ಟಳು.

ವೆಂಗ್ ಬಿಚ್ಚಿದ. ಒಳಗೆ ಮರದ ಸಣ್ಣ ಮಣೆ. "ಏನಿದು?"

"ಟೀ ಪಾತ್ರೆ ಕೆಳಗೆ ಇಡೋಕೆ. ನಿಮ್ಮ ಹತ್ರ ಇದ್ದದ್ದನ್ನ ನಂಗೆ ಕೊಟ್ಬಿಟ್ರಲ್ಲ ಸಾರ್, ಅದಿಲ್ಲದಿದ್ರೆ ಆ ಮೌಸ್ ಕೂದಲೆಳೆಯಷ್ಟೂ ಅಲ್ಲಾಡ್ತಿರ್ಲಿಲ್ಲ. ಒಕಾಬೆ ನಕ್ಷೆ ಪೂರ್ತಿ ಬಿಡಿಸಿದ್ದು ಅದರ ಮೇಲೇನೇ."

ವೆಂಗ್‌ನ ಕೈ ಮಣೆಯ ಮೇಲೆ ಹಾಗೇ ನಿಂತಿತು. ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೂಯುನ್ ಅವರತ್ತ ತಿರುಗಿ ನೋಡಿದಳು, ಯಾರೆಂದು ಗುರುತಿಟ್ಟುಕೊಂಡಳು. ಆಮೇಲೆ ಕೋಳಿಯ ತೊಡೆ ಮುರಿದು ತನ್ನ ಬಟ್ಟಲಿಗೆ ಹಾಕಿಕೊಂಡು ತಿನ್ನತೊಡಗಿದಳು.